ಚೆಲುವಯ್ಯನ ಅಕ್ಸೀಡು

ಅವತ್ತು ಚೆಲುವಯ್ಯನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೇವನೂರಿನಲ್ಲಿ ಹೆಂಡತಿ ರಾಣಿಗೆ ದಿನ ತುಂಬಿತ್ತು. ಈ ಗುಮಾಸ್ತನೋ ಬಸ್ಸು ಬದಲಾಯಿಸಿಕೊಂಡು ದಿನಾ ತಿ. ನರಸೀಪುರದ ಕಚೇರಿಗೆ ಬಂದು ಬೀಳಬೇಕು. ಊರಿಗೆ ಹತ್ತಿರದ ನಂಜನಗೂಡಿನ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು, ಆ ವರ್ಷದ ವರ್ಗಾವಣೆಗೆ ಅವತ್ತೇ ಕಡೇ ದಿನ. ಹೊಸ ಸಾಹೇಬರು ಉತ್ತರದ ಕಡೆಯವರು, ಕನ್ನಡ ಬಾರದು. ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕಿತ್ತು.

ಕಚೇರಿಯ ಪದ್ಧತಿಯಂತೆ ಚೆಲುವಯ್ಯ ಹಳೇ ಫೈಲಿನ ಯಾರದೋ ಅರ್ಜಿಯನ್ನು ನಕಲು ಹೊಡೆದು ಟೈಪಿಗೆ ಕೊಟ್ಟ. ‘ಅಕ್ಸೀಡ್ ಮೈ ರಿಕ್ವೆಸ್ಟ್’ ಎಂಬಲ್ಲಿಗೆ ಬಂದಾಗ ಟೈಪಿಸ್ಟ್ ಇಂದ್ರಾಣಿಯ ಕೈ ನಿಂತಿತು.

“ಅಕ್ಸೀಡ್ ಅಂದ್ರೆ ಒಪ್ಪೋದು ಕಣ್ರೀ. ಅದರ ಮುಂದೆ ‘ಟು’ ಬರ್ಲೇಬೇಕು. ತಪ್ಪು ಟೈಪ್ ಮಾಡಿದ್ರೆ ನನ್ನ ಮರ್ಯಾದೆ ಓಗ್ತದೆ.”

“ಟೂನೂ ಬ್ಯಾಡ, ತ್ರೀನೂ ಬ್ಯಾಡ ಕಣ್ಲಾ!” ಎಂದ ಪಕ್ಕದ ಮೇಜಿನ ಮಾದೇಶ. ಅವನ ಕಣ್ಣೂ ನಂಜನಗೂಡಿನ ಮೇಲೇ. “ನಾನು ‘ಐ ಆಮ್ ಅಕ್ಸೀಡಿಂಗ್ ಯೂ ಸರ್’ ಅಂತ ಬರ್ದು ಬೆಳಗ್ಗೇನೇ ಒಳಕ್ಕೆ ಕೊಟ್ಬುಟ್ಟೆ.”

ಅಷ್ಟರಲ್ಲಿ ಪಿಂಚಣಿ ಕೆಲಸಕ್ಕೆ ಬಂದಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಸಣ್ಣಯ್ಯನವರ ಕಿವಿ ನೆಟ್ಟಗಾಯಿತು. ತಮ್ಮ ಕೆಲಸ ಮರೆತು ಕುರ್ಚಿ ಎಳೆದುಕೊಂಡರು. “ಅಕ್ಸೀಡ್, ಅಕ್ಸೀಡೆಡ್, ಅಕ್ಸೀಡೆಡ್. ಹೇಳಯ್ಯ, ಬಾಯಿಬಿಟ್ಟು!”

“ಸಾ, ಸಾಹೇಬ್ರು ಮೈಸೂರಿಗೆ ಒಂಟೋಯ್ತಾರೆ ಸಾ...”

“ಕ್ರಿಯಾಪದ ಕಲೀದೆ ನೀನೆಲ್ಲಿಗೂ ಹೋಗಲ್ಲ!”

ಚೆಲುವಯ್ಯ ಮಗ್ಗಿ ಒಪ್ಪಿಸುವವನ ಹಾಗೆ ಕೈಕಟ್ಟಿ ಒಪ್ಪಿಸಿದ. ಮೇಷ್ಟ್ರು ಒಂದು ಸಾಲು ತಿದ್ದಿದರೆ ಇಂದ್ರಾಣಿ ಇನ್ನೊಂದು ಸಾಲಿಗೆ ತಕರಾರು ತೆಗೆದಳು. ಹಾಳೆ ಹರಿದದ್ದಾಯಿತು, ಮತ್ತೆ ಟೈಪಾಯಿತು, ಊಟದ ಹೊತ್ತು ಮೀರಿತು. ಕಡೆಗೆ ಮೇಷ್ಟ್ರು “ಈಗ ಸರಿ” ಎನ್ನುವುದಕ್ಕೂ ಹೊರಗೆ ಜೀಪು ಸ್ಟಾರ್ಟ್ ಆಗುವುದಕ್ಕೂ ಸರಿಹೋಯಿತು.

ಚೆಲುವಯ್ಯ ಚಪ್ಪಲಿ ಬಿಟ್ಟು ಓಡಿದ. ಸಾಹೇಬರು ಜೀಪಿನಲ್ಲೇ ಕೂತು ಅರ್ಜಿಯನ್ನು ಎರಡೆರಡು ಸಲ ಓದಿದರು. ಮುಖ ಅರಳಿತು. ಇಳಿದು ಬಂದು ಅವನ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಮಾತಾಡಿದರು. ಅಷ್ಟೂ ಅವನಿಗೆ ಅರ್ಥವಾಯಿತು, ಅದೇ ಅವನ ಗ್ರಹಚಾರ.

“ಇಷ್ಟು ಶುದ್ಧವಾಗಿ ಬರೆಯುವವನು ಈ ಕಚೇರಿಯಲ್ಲೇ ಇದ್ದೀಯಾ! ನಿನ್ನನ್ನು ಬಿಟ್ಟುಕೊಟ್ಟರೆ ನನ್ನ ಗತಿಯೇನು? ಇನ್ನುಮೇಲೆ ನನ್ನ ಪತ್ರವ್ಯವಹಾರವೆಲ್ಲ ನಿನ್ನದೇ. ನಂಜನಗೂಡಿಗೆ ಆ ಮಾದೇಶನನ್ನು ಸಾಗಹಾಕೋಣ. ಬೆಳಗ್ಗೆ ಅವನ ಅರ್ಜಿ ಓದಿದಾಗಿಂದ ನನಗೆ ತಲೆನೋವು. ಹೋಗು, ಅವನ ಆರ್ಡರ್ ಬರೆದು ತಾ, ಸಹಿ ಹಾಕಿಯೇ ಹೊರಡುತ್ತೇನೆ.”

ಚೆಲುವಯ್ಯನಿಗೆ ಅಳುವೇ ಬಂತು. ಮೂಗೊರೆಸಿಕೊಳ್ಳುತ್ತಾ ಬಂದು ಪೆನ್ನು ಹಿಡಿದ. ಸುದ್ದಿ ತಿಳಿದ ಮಾದೇಶ ಓಡಿಬಂದು ಅವನ ಹೆಗಲ ಮೇಲೆ ಬಗ್ಗಿದ.

“ಉಸಾರಾಗಿ ಬರೀಲಾ, ನಿನ್ನ ದಮ್ಮಯ್ಯ! ತಪ್ಪಿದ್ರೆ ಅಲ್ಲಿಯೋರು ನನ್ನ ವಾಪಸ್ ಕಳಿಸ್ಬುಟ್ಟಾರು.”