ಇಸೊಗಾಯ್ ಉಜ್ಜಿದ ಕತ್ತಿ

ಎಲ್ಲಾ ಶುರುವಾದದ್ದು ತುಕ್ಕಿನಿಂದ. ಅದೂ ಯಾರ ಕಣ್ಣಿಗೂ ಬೀಳದ ಜಾಗದಲ್ಲಿದ್ದ ತುಕ್ಕು.

ಇಸೊಗಾಯ್ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತೇ ಕೂದಲು ಹಣ್ಣು ಮಾಡಿಕೊಂಡ ಮನುಷ್ಯ. ಕುಡಿತವಿಲ್ಲ, ಜೂಜಿಲ್ಲ. ಇಂಥವರಿಗೆ ಹುಚ್ಚು ತಡವಾಗಿ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಓಕಾಯಾಮಾ ಪೇಟೆಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅವನ ಕಣ್ಣಿಗೆ ಒಂದು ಕತ್ತಿ ಬಿತ್ತು. ಮಾಡಿದವನ ಹೆಸರು ಕಾಣದ ಕತ್ತಿ. ಹಿಂದುಮುಂದು ನೋಡದೆ ಕೊಂಡು ತಂದ. ಜೀವಮಾನವಿಡೀ ಬೇರೆಯವರು ಹೋಗುವ ಊರಿಗೆ ಟಿಕೆಟ್ ಕೊಟ್ಟವನಿಗೆ ತನ್ನದು ಅಂತ ಹೇಳಿಕೊಳ್ಳಲು ಒಂದು ವಸ್ತು ಸಿಕ್ಕಿತ್ತು. ಅದನ್ನು ಕಂಡರೆ ಅವನಿಗೆ ಪ್ರಾಣ.

ಹೆಂಡತಿ ಸೆತ್ಸುಕೊಗೆ ಪ್ರಾಣವಿದ್ದದ್ದು ನಡುಮನೆಯ ಅಲಂಕಾರದ ಗೂಡಿನ ಮೇಲೆ. ಅಲ್ಲೀಗ ಕತ್ತಿ ಕೂತುಬಿಟ್ಟಿತ್ತು.

"ಭಾನುವಾರ ನೀವು ಹೊಸದಾಗಿ ಸೇರಿರೋ ಕತ್ತಿ ಸಂಘದ ಮೇಷ್ಟ್ರು ಬಂದು ನೋಡ್ಲಿ," ಎಂದಿದ್ದಳು. "ಒಳ್ಳೇದು ಅಂದ್ರೆ ದೇವರ ಹಾಗೆ ಇಟ್ಕೊಳ್ಳಿ, ನಾನು ತುಟಿ ಪಿಟಕ್ ಅನ್ನಲ್ಲ. ಅಲ್ಲ ಅಂದ್ರೆ ಸಂಜೆನೇ ಅಂಗಡಿಗೆ ವಾಪಸ್. ಆ ಜಾಗಕ್ಕೆ ನನ್ನ ಹೊಲಿಗೆ ಮೆಷಿನ್ ಬರುತ್ತೆ."

ಆ ಭಾನುವಾರ ಬಂದೇಬಿಟ್ಟಿತು. ಮಧ್ಯಾಹ್ನ ಅಕಾಬೊಶಿ ಮೇಷ್ಟ್ರು ಬರುವವರು. ಒಮ್ಮೆ ಎಲ್ಲಾ ಸರಿಯಿದೆಯಾ ನೋಡೋಣವೆಂದು ಇಸೊಗಾಯ್ ಜಗುಲಿಯಲ್ಲಿ ಕೂತು ಕತ್ತಿಯ ಹಿಡಿ ಬಿಚ್ಚಿದ. ಹಿಡಿಯೊಳಗೆ ಅಡಗಿರುವ ಬುಡ ಒಲೆಯ ಮೇಲೆ ಮರೆತ ಬಾಣಲೆಯ ತಳದಂತೆ ಕರ್ರಗಿತ್ತು. ಹೆಬ್ಬೆರಳಿನಿಂದ ಉಜ್ಜಿ ನೋಡಿದ, ಹೋಗಲಿಲ್ಲ.

ಬೇಲಿಯ ಆಚೆಯಿಂದ ಒಂದು ಟೋಪಿ ಮೇಲೆದ್ದಿತು. ಪಕ್ಕದ ಮನೆಯ ಹಮಾಸಾಕಿ ತಾತ. ಹಡಗು ಕಟ್ಟುವ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಅಂದಿನಿಂದ ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ.

"ಏನಯ್ಯ ಇದು, ಈ ಪಾಟಿ ತುಕ್ಕು? ಮೇಷ್ಟ್ರಿಗೆ ಇದನ್ನ ತೋರಿಸ್ತೀಯಾ? ಅತಿಥಿಗೆ ತೊಳೀದ ಬಟ್ಟಲಲ್ಲಿ ಚಹಾ ಕೊಟ್ಟ ಹಾಗೆ."

"ಹಳೇ ಕತ್ತಿ ಅಲ್ವಾ ತಾತ..."

"ನಾನೂ ಹಳಬನೇ. ದಿನಾ ಸ್ನಾನ ಮಾಡಲ್ವಾ? ತಾಳು, ಬಂದೆ."

ಬಂದರು, ಪೆಟ್ಟಿಗೆ ತುಂಬ ಸಲಕರಣೆ ಹೊತ್ತು. ತಂತಿಯ ಬ್ರಷ್ಷು, ಉಪ್ಪುಕಾಗದ, ಏನೋ ಒಂದು ಘಾಟು ನೀರು. ಎದುರುಮನೆಯ ತಮಾಕಿ ಅಜ್ಜಿ ವಾಸನೆ ಹಿಡಿದು ಬಂದು, "ನನ್ನ ಗಂಡ ವಿನೆಗರ್ ಹಾಕ್ತಿದ್ರು" ಎಂದು ಸೀಸೆ ತಂದಿಟ್ಟರು. ಮೂವರೂ ಸೇರಿ ಉಜ್ಜಿದರು. ಬುಡ ಹೊಸ ಚಮಚದ ಹಾಗೆ ಫಳಫಳ ಹೊಳೆಯಿತು. ಆ ಹೊಳಪಿನ ನಡುವೆ ಎರಡು ಅಕ್ಷರ ಮೂಡಿದವು.

"ಹಿಸಾ... ತೊಮೊ," ಅಂತ ಓದಿದರು ಅಜ್ಜಿ.

ಇಸೊಗಾಯ್ ಕೂತಲ್ಲೇ ಕೂತ. ಹಿಸಾತೊಮೊ ಅಂದರೆ ಸಂಘದಲ್ಲಿ ದನಿ ತಗ್ಗಿಸಿ ಹೇಳುವ ಕಮ್ಮಾರನ ಹೆಸರು. ಅಕಾಬೊಶಿ ಮೇಷ್ಟ್ರ ಮನೆತನದಲ್ಲಿ ಅವನು ಮಾಡಿದ ಕತ್ತಿ ಒಂದಿದೆ. ಅದನ್ನು ನೋಡಬೇಕಾದರೂ ಒಂದು ವರ್ಷ ಮೊದಲೇ ಕೇಳಿಕೊಳ್ಳಬೇಕು.

ಸುದ್ದಿ ಬೀದಿಯ ತುದಿ ಮುಟ್ಟಿ ವಾಪಸು ಬಂದಿತು. ತಮಾಕಿ ಅಜ್ಜಿ ಶುಭಕಾರ್ಯಕ್ಕೆ ಮಾಡುವ ಕೆಂಪು ಅವರೆ ಅನ್ನಕ್ಕೆ ಕಾಳು ನೆನೆಹಾಕಲು ಓಡಿದರು. ಸೆತ್ಸುಕೊ ಗೂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದಳು. ಮದುವೆಯಾದ ಮೇಲೆ ಇಸೊಗಾಯ್ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಸಂತೋಷ ತಡೆಯಲಾರದೆ ಸಂಘದ ಗೆಳೆಯ ಕುರಿಮೊತೊಗೆ ಫೋನು ಮಾಡಿದ. ಮಾಡಬಾರದಿತ್ತು.

"ಬುಡದ ತುಕ್ಕು ತೆಗೆದ್ಯಾ?" ಕುರಿಮೊತೊ ದನಿ ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಕೀರಲಾಯಿತು. "ಅದು ತುಕ್ಕಲ್ಲ ಮಾರಾಯ, ಅದರ ವಯಸ್ಸು! ಮೇಷ್ಟ್ರು ಮೊದಲು ನೋಡೋದೇ ಅದನ್ನ."

"ಆದರೆ ಹಿಸಾತೊಮೊ ಅಂತ ಹೆಸರಿದೆ."

"ಹಿಸಾತೊಮೊ ಹೆಸರು ನೂರು ಕತ್ತಿ ಮೇಲಿದ್ರೆ ತೊಂಬತ್ತೊಂಬತ್ತು ಖೋಟಾ. ಹಳೇ ಅಂಗಡೀಲಿ ನಿನಗೇ ಕಾದಿತ್ತಾ ನಿಜವಾದ್ದು? ಕೇಳು, ಹೆಸರಿಲ್ಲದ ಕತ್ತಿಗೆ ಮರ್ಯಾದೆ ಇದೆ, ಸುಳ್ಳು ಹೆಸರಿನ ಕತ್ತಿಗಿಲ್ಲ. ತಿಳಿದೋರು ಸುಳ್ಳು ಹೆಸರು ಕಂಡ ತಕ್ಷಣ ಅರ ಹಾಕಿ ಅಳಿಸ್ತಾರೆ. ಮೇಷ್ಟ್ರು ನೋಡಿದರೆ ನಿನ್ನನ್ನ ಸಂಘದ ಬಾಗಿಲಿಗೂ ಸೇರಿಸಲ್ಲ."

ಇಸೊಗಾಯ್ ಫೋನು ಇಡುವ ಮೊದಲೇ ಹಮಾಸಾಕಿ ತಾತ ಪೆಟ್ಟಿಗೆಯಿಂದ ಅರ ತೆಗೆದಿದ್ದರು. ಅವರಿಗೆ ಉಜ್ಜುವುದೂ ಒಂದೇ, ಅಳಿಸುವುದೂ ಒಂದೇ. ಕೈ ಆಡುತ್ತಿರಬೇಕು, ಅಷ್ಟೆ.

"ನಾನೇ ಮಾಡ್ತೀನಿ ತಾತ," ಎಂದು ಇಸೊಗಾಯ್ ಅರ ಇಸಿದುಕೊಂಡ. ತನ್ನ ಕತ್ತಿಗೆ ಬೇರೆಯವರ ಕೈಯಲ್ಲಿ ನೋವಾಗಬಾರದು ಅನ್ನಿಸಿತು. ಕಣ್ಣಲ್ಲಿ ನೀರು ತುಂಬಿಕೊಂಡು ಅರ ಎಳೆದ. ಎರಡಕ್ಷರವೂ ಹೋದವು.

ಈಗ ತುಕ್ಕು ಬರಿಸಬೇಕು. ತುಕ್ಕು ತೆಗೆಯಲು ಬಂದವರೇ ತುಕ್ಕು ಹಿಡಿಸಲು ನಿಂತರು. ಉಪ್ಪುನೀರು ಹಚ್ಚಿದರು, ಸೋಯಾ ಸಾಸ್ ಸವರಿದರು, ಕಡು ಚಹಾ ಸುರಿದರು. ಕೊನೆಗೆ ತಮಾಕಿ ಅಜ್ಜಿಯ ಮಾತು ಕೇಳಿ, ಸೆತ್ಸುಕೊ ಮೂಲಂಗಿ ಹುಳಿಹಾಕುವ ತೌಡಿನ ಮಡಕೆಯಲ್ಲಿ ಬುಡವನ್ನು ಊರಿದರು. ಅತ್ತೆಯ ಕಾಲದಿಂದ ಬಂದ ಮಡಕೆ. ಸೆತ್ಸುಕೊ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಹೋಗಿ ಹೊಲಿಗೆ ಮೆಷಿನ್ನಿನ ಧೂಳು ಒರೆಸತೊಡಗಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಬುಡಕ್ಕೆ ಕಂದು ಬಣ್ಣ ಹತ್ತುವಷ್ಟರಲ್ಲಿ ಅಕಾಬೊಶಿ ಮೇಷ್ಟ್ರು ಬಾಗಿಲಲ್ಲಿ ಕೆಮ್ಮಿದರು. ಇಸೊಗಾಯ್ ತೌಡು ಒರೆಸಿ ಹಿಡಿ ಜೋಡಿಸಿದ. ಮೇಷ್ಟ್ರು ಬೂದು ಕಿಮೊನೊ ಉಟ್ಟಿದ್ದರು, ಕೈಯಲ್ಲೊಂದು ಉದ್ದನೆಯ ರೇಷ್ಮೆ ಗಂಟು. ಒಳಗೆ ಬಂದು ಗಂಟನ್ನು ಪಕ್ಕದಲ್ಲಿಟ್ಟು, ಮಂಡಿಯೂರಿ ಕೂತು, ಕತ್ತಿಗೆ ನಮಸ್ಕರಿಸಿ ಒರೆಯಿಂದ ಎಳೆದರು. ಅಲಗು ಬಯಲಲ್ಲಿರುವಾಗ ಯಾರೂ ತುಟಿ ಬಿಚ್ಚುವಂತಿಲ್ಲ. ಉಸಿರಿನ ಪಸೆ ಬಿದ್ದರೂ ಕಲೆಯಾಗುತ್ತದೆ. ಮೂಲೆಯಲ್ಲಿ ಕೂತಿದ್ದ ಹಮಾಸಾಕಿ ತಾತನಿಗೆ ಅದು ಬದುಕಿನ ಅತಿ ಕಷ್ಟದ ಗಳಿಗೆಯಾಗಿರಬೇಕು.

ಮೇಷ್ಟ್ರು ಅಲಗನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನೋಡಿದರು. ಒರೆಗೆ ಹಾಕಿದ ಮೇಲೆ ಹೇಳಿದರು:

"ಇದು ಹಿಸಾತೊಮೊ. ಸಂಶಯವೇ ಇಲ್ಲ."

ಇಸೊಗಾಯ್‌ಗೆ ನೆಲ ಎಲ್ಲಿದೆಯೆಂದೇ ತಿಳಿಯಲಿಲ್ಲ.

ಮೇಷ್ಟ್ರು ಹಿಡಿ ಬಿಚ್ಚಿದರು. ಬುಡ ನೋಡಿದರು. ಮೂಸಿದರು. ಅವರ ಮುಖ ಇಳಿಯಿತು.

"ಅರ ಹಾಕಿದ್ದಾರೆ. ನಿಜವಾದ ಹೆಸರನ್ನ ಯಾರೂ ಅಳಿಸಲ್ಲ. ಅಳಿಸಿದ್ದಾರೆ ಅಂದ್ರೆ ಅದು ಸುಳ್ಳು ಹೆಸರು. ನಾನೇ ಮೋಸ ಹೋದೆ, ಆದರೆ ಅರ ಹಾಕಿದ ಮನುಷ್ಯ ಹೋಗಿಲ್ಲ. ಎಂಥಾ ಕಣ್ಣು ಅವರದು!"

ಇಸೊಗಾಯ್‌ಗೆ ತಡೆಯಲಾಗಲಿಲ್ಲ. ಮಾನ ಹೋದರೂ ಕತ್ತಿ ಉಳಿಯಲಿ ಎನ್ನಿಸಿತು.

"ಅರ ಹಾಕಿದ್ದು ನಾನು ಮೇಷ್ಟ್ರೇ. ಇವತ್ತು ಬೆಳಿಗ್ಗೆ, ಹಮಾಸಾಕಿ ತಾತನ ಅರ ತಗೊಂಡು. ಹಿಸಾತೊಮೊ ಅಂತಲೇ ಇತ್ತು."

ಮೇಷ್ಟ್ರು ಅವನನ್ನೇ ನೋಡಿದರು. ಆಮೇಲೆ ಎರಡೂ ಕೈ ಚಾಪೆಗೆ ಊರಿ ತಲೆ ಬಾಗಿಸಿದರು.

"ನೀವೇನಾ? ಸಂಘಕ್ಕೆ ಸೇರಿ ಇನ್ನೂ ವರ್ಷ ಆಗಿಲ್ಲ. ಅಷ್ಟು ದೊಡ್ಡ ಹೆಸರು ಕಂಡೂ ಆಸೆಪಡದೆ ಅಳಿಸಿದ್ರಲ್ಲ."

"ಅಯ್ಯೋ, ಹಾಗಲ್ಲ. ನನಗೆ ಕತ್ತಿ ವಿಷಯ ಏನೇನೂ ತಿಳೀದು."

"ತಿಳಿದೋರು ಹೀಗೇ ಅನ್ನೋದು."

"ನಿಜವಾಗ್ಲೂ ನಾನು ದಡ್ಡ ಮೇಷ್ಟ್ರೇ. ಹೆದರಿಕೊಂಡು ಅಳಿಸಿದೆ."

"ಎಂಥಾ ವಿನಯ!" ಮೇಷ್ಟ್ರ ಹಣೆ ಚಾಪೆಗೆ ತಾಗಿತು. ಅವನು ಅಲ್ಲಗಳೆದಷ್ಟೂ ಅವರು ಬಾಗಿದರು. ಇನ್ನೊಂದು ಸಲ ಅಲ್ಲ ಎಂದಿದ್ದರೆ ಚಾಪೆಯ ಕೆಳಗೆ ಹೋಗುತ್ತಿದ್ದರೇನೋ.

ಸೆತ್ಸುಕೊ ಚಹಾ ಇಟ್ಟು ಕೇಳಿದಳು. "ಅಂದ್ರೆ ಇದು ಒಳ್ಳೇ ಕತ್ತಿ ಅಲ್ವಾ?"

"ಅಲ್ಲಮ್ಮ. ಯಾರೋ ಜಾಣ ಕಳ್ಳನ ಕೆಲಸ. ಆದರೆ ನಿಮ್ಮ ಯಜಮಾನರು ಮಾತ್ರ ಅಪರಂಜಿ."

"ಅಪರಂಜಿ ಮೊದಲಿಂದ ಮನೇಲೇ ಇದೆ ಬಿಡಿ," ಎಂದಳು ಸೆತ್ಸುಕೊ. ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಬಳಿ ಇಟ್ಟಳು. 

ಮೇಷ್ಟ್ರು ಮಾತ್ರ ಏಳಲಿಲ್ಲ. ಪಕ್ಕದಲ್ಲಿದ್ದ ರೇಷ್ಮೆ ಗಂಟನ್ನು ಮುಂದಕ್ಕೆಳೆದು ಬಿಚ್ಚಿದರು. ಅವರ ಮನೆತನದ ಹಿಸಾತೊಮೊ. ನಿಮ್ಮಂಥ ಹೊಸಬರಿಗೆ ಇದೊಂದು ಸಲ ಕೇಳದೇನೇ ತೋರಿಸೋಣ ಅಂತ ತಂದಿದ್ದೆ, ಈಗ ನೀವು ನನಗೆ ಹೇಳಿಕೊಡಬೇಕು ಎಂದು ಎರಡೂ ಕೈಯಲ್ಲಿ ನೀಡಿದರು. "ನಮ್ಮಜ್ಜನ ಕಾಲದಿಂದ ಪೂಜೆ ಮಾಡ್ಕೊಂಡು ಬಂದಿದ್ದೀವಿ. ಈ ಮುದಿಗಣ್ಣನ್ನ ಇನ್ನು ನಂಬಲಾರೆ. ನಿಜವೋ ಸುಳ್ಳೋ ಹೇಳಿಬಿಡಿ, ಇಸೊಗಾಯ್ ಅವರೇ."

ಇಸೊಗಾಯ್ ಒರೆಯಿಂದ ಎಳೆದು ನೋಡಿದ. ಕತ್ತಿ ಕತ್ತಿಯ ಹಾಗಿತ್ತು. ಬೆಳಗಿನಿಂದ ಬೇರೆಯವರ ಮಾತು ಕೇಳಿಯೇ ಕೆಟ್ಟೆ, ಇದೊಂದು ಸಲವಾದರೂ ಇದ್ದದ್ದು ಇದ್ದ ಹಾಗೆ ಹೇಳೋಣ ಎಂದುಕೊಂಡ. ಕತ್ತಿಯನ್ನು ಒರೆಗೆ ಹಾಕಿ, ತಲೆ ತಗ್ಗಿಸಿ ಹೇಳಿದ:

"ನನಗೆ ಗೊತ್ತಾಗ್ತಾ ಇಲ್ಲ ಮೇಷ್ಟ್ರೇ."

ಆ ಊರಿನಲ್ಲಿ ದೊಡ್ಡವರ ಮುಖಕ್ಕೆ ಹೊಡೆದಂತೆ ಯಾರೂ 'ಇದು ಸುಳ್ಳು' ಎನ್ನುವುದಿಲ್ಲ. ಹಾಗೆನ್ನಬೇಕಾದಾಗ 'ಗೊತ್ತಾಗ್ತಾ ಇಲ್ಲ' ಎಂದು ತಲೆ ತಗ್ಗಿಸುತ್ತಾರೆ.

ಮೇಷ್ಟ್ರು ಕತ್ತಿಯನ್ನು ಇಸಿದುಕೊಂಡರು. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. "ಮರ್ಯಾದೆಯಿಂದ ಹೇಳಿದ್ರಿ. ಈ ಉಪಕಾರ ಮರೆಯಲ್ಲ," ಎಂದು ಗಂಟು ಕಟ್ಟಿಕೊಂಡು ಎದ್ದರು. ಇಸೊಗಾಯ್ "ಮೇಷ್ಟ್ರೇ, ಮೇಷ್ಟ್ರೇ" ಎನ್ನುತ್ತ ಬರಿಗಾಲಲ್ಲಿ ಹಿಂದೆ ಓಡಿದ.

ಅಷ್ಟರಲ್ಲಿ ಅವರು ಬೇಲಿಯ ಬಳಿ ನಿಂತು, ಪೆಟ್ಟಿಗೆ ಹೊತ್ತು ಮನೆಗೆ ಹೊರಟಿದ್ದ ಹಮಾಸಾಕಿ ತಾತನಿಗೆ ಬಗ್ಗಿ ನಮಸ್ಕರಿಸುತ್ತಿದ್ದರು.

"ತಪ್ಪು ತಿಳೀಬೇಡಿ," ಎಂದರು ಮೇಷ್ಟ್ರು, "ನಿಮ್ಮ ಹತ್ರ ಒಂದು ಅರ ಇದೆಯಂತಲ್ಲ?"