ಅತ್ತೆ ಬರೋ ಹೊತ್ತಿಗೆ ಏಸಿ

ಬೆಳಗ್ಗೆಯಿಂದ ಏಸಿ ಬಿಸಿಯುಸಿರು ಬಿಡುತ್ತಿತ್ತು. ಸಂಜೆ ಐದಕ್ಕೆ ಅತ್ತೆ ಬರುವವರಿದ್ದರು. ಹೋದ ಬೇಸಿಗೆಯಲ್ಲಿ ಸೆಕೆ ತಾಳಲಾರದೆ ಆಕೆ ಬಂದ ದಿನವೇ ವಾಪಸು ಹೊರಟುಬಿಟ್ಟಿದ್ದರು. ಆಮೇಲೆ ಒಂದು ತಿಂಗಳು ಹೆಂಡತಿ ಮಾತು ಬಿಟ್ಟಿದ್ದಳು. ಗಂಡ ಗ್ರಂಥಪಾಲಕ; ‘ಸದ್ದು ಮಾಡಬೇಡಿ’ ಎನ್ನುವುದನ್ನೂ ಸದ್ದಿಲ್ಲದೆ ಹೇಳುವ ಸಾಧುಪ್ರಾಣಿ. ಅವನಿಗೂ ಅಷ್ಟು ಮೌನ ಅಜೀರ್ಣವಾಗಿತ್ತು. ಅದಕ್ಕೇ ಈ ಏಸಿ ತಂದದ್ದು.

“ರೀ, ಅಮ್ಮ ಈ ಸಲವೂ ಹಾಗೇ ಹೊರಟುಹೋದ್ರೆ...” ಹೆಂಡತಿ ಮಾತು ಮುಗಿಸಲಿಲ್ಲ. ಮುಗಿಸಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ರಜೆ ಹಾಕಿ, ರಿಮೋಟಿನ ನೆರಿಗೆ ಗವಸು ಬಿಚ್ಚಿ, ಗುಂಡಿ ಒತ್ತಿ ಒತ್ತಿ ಸೋತ. ಅತ್ತೆ ಹೊಲಿಗೆ ಯಂತ್ರ ಕೊಂಡಾಗಿನಿಂದ ಈ ಮನೆಯಲ್ಲಿ ಫ್ರಿಜ್ಜು, ಮಿಕ್ಸಿಗಳೂ ಬಟ್ಟೆ ತೊಡುತ್ತಿದ್ದವು.

ಮೇಲ್ಮನೆಯ ನಿವೃತ್ತ ಡ್ರಿಲ್ ಮಾಸ್ತರರು ಕರೆಯದೇ ಬಂದರು. “ಒಳಗಿನ ಜಾಲರೀಲಿ ಧೂಳು ಕಟ್ಟಿದೆ. ಸ್ಟೂಲು ಹತ್ತಿ. ಒಂದು, ಎರಡು, ಎಳೀರಿ!”

ಎಳೆದ. ಬೊಗಸೆ ಧೂಳು ಬಿದ್ದು ಅವನ ತಲೆ ಒಮ್ಮೆಗೇ ಹತ್ತು ವರ್ಷ ನರೆಯಿತು. ಜಾಲರಿ ತೊಳೆದು ಹಾಕಿದರೂ ಏಸಿ ಜ್ವರ ಬಂದವರಂತೆ ನರಳುತ್ತಲೇ ಇತ್ತು.

ಪಕ್ಕದ ಮನೆಯಾಕೆ ಬಾಗಿಲಲ್ಲೇ ತೀರ್ಪು ಕೊಟ್ಟರು. “ಗ್ಯಾಸ್ ಸೋರಿದೆ. ನಮ್ಮ ನಾದಿನಿ ಮನೇಲೂ ಹೀಗೇ ಆಗಿ ಕೊನೆಗೆ ಹೊಸದೇ ತಂದ್ರು.”

“ಅತ್ತೆ ಐದಕ್ಕೇ ಬರ್ತಾರೆ.”

“ಹಾಗಾದ್ರೆ ಅತ್ತೇಗೇ ನಾಳೆ ಬನ್ನಿ ಅನ್ನಿ!”

ನಾಲ್ಕಕ್ಕೆ ಮೆಕ್ಯಾನಿಕ್ ಬಂದ. ಗಾಳಿಗೆ ಕೈಯೊಡ್ಡಿ ನೋಡಿದವನೇ, “ಹೊರಗಿನ ಪೆಟ್ಟಿಗೆ ಎಲ್ಲಿದೆ?” ಎಂದ. ಎಲ್ಲರೂ ಮೆರವಣಿಗೆಯಲ್ಲಿ ಹಿತ್ತಿಲಿಗೆ ನಡೆದರು.

ಗೋಡೆಯ ಮೇಲೆ ಪೆಟ್ಟಿಗೆ ಹೂವಿನ ಚಿತ್ತಾರದ ಗವಸು ತೊಟ್ಟು, ಲಾಡಿ ಬಿಗಿದುಕೊಂಡು, ಶಾಲೆಗೆ ಹೊರಟ ಮಗುವಿನ ಹಾಗೆ ಕೂತಿತ್ತು.

“ಸಾರ್, ಕೋಣೆಯ ಬಿಸಿಯನ್ನೆಲ್ಲ ಆಚೆ ಉಗುಳೋದೇ ಇದು. ಇದರ ಮೂತಿಗೇ ಬಟ್ಟೆ ಕಟ್ಟಿದ್ರೆ?”

“ಧೂಳು ಕೂರಬಾರದೂಂತ ಅಮ್ಮ ಕಳಿಸಿದ್ದು... ನಿನ್ನೆ ಸಂಜೆ ನಾನೇ ಹಾಕ್ದೆ,” ಎಂದು ಹೆಂಡತಿ ಸೆರಗಿಗೆ ಹೇಳಿದಳು.

ಗವಸು ಕಳಚಿದರು. ಐದಕ್ಕೆ ಅತ್ತೆ ಬಂದಾಗ ಕೋಣೆ ತಣ್ಣಗಿತ್ತು. “ಆಹಾ! ಈ ಸಲ ಒಂದು ವಾರ ಇರ್ತೀನಿ ಕಣೇ,” ಎಂದರು. ಹೆಂಡತಿ ಗಂಡನತ್ತ ನೋಡಿ ನಕ್ಕಳು. ಅವನ ಎದೆಯೂ ತಂಪಾಯಿತು.

ಕೈ ತೊಳೆಯಲು ಹಿತ್ತಿಲಿಗೆ ಹೋದ ಅತ್ತೆ ಬಾಡಿದ ಮುಖದಲ್ಲಿ ಮರಳಿದರು. “ಅಳಿಯಂದಿರೇ, ಗವಸು ಹಿಡಿಸಲಿಲ್ವಾ?”

ಆ ಕಣ್ಣು ತುಂಬಿದ್ದನ್ನು ಕಂಡು ಅವನು ಗಡಬಡಿಸಿದ. “ಅಯ್ಯೋ, ಹಿಡಿಸದೇ ಇರುತ್ತಾ ಅತ್ತೆ? ಒಗೆಯೋಕೆ ಹಾಕಿದೀವಿ!”

ಅತ್ತೆಯ ಮುಖ ಅರಳಿತು. “ಹಾಗೇ ಆಗುತ್ತೇಂತ ಬದಲಿಗೆ ಇನ್ನೊಂದು ತಂದಿದೀನಿ!” ಚೀಲದಿಂದ ಗವಸು ಹೊರಬಂತು. ಅದರ ಹಿಂದೆಯೇ ಉದ್ದನೆಯದೊಂದು. “ಒಳಗಿನದು ಪಾಪ, ಬರಿಮೈಯಲ್ಲಿದೆ. ಮೊದಲು ಅದಕ್ಕೆ ತೊಡಿಸಿ.”

ಗ್ರಂಥಪಾಲಕ ಹೆಂಡತಿಯನ್ನು ನೋಡಿದ. ಅವಳು ಕಿಟಕಿ ನೋಡಿದಳು. ಅವನು ಸದ್ದಿಲ್ಲದೆ ಸ್ಟೂಲು ಹತ್ತಿದ.

ಬಾಗಿಲಲ್ಲಿ ಡ್ರಿಲ್ ಮಾಸ್ತರರು ಪ್ರತ್ಯಕ್ಷರಾದರು. “ಒಂದು, ಎರಡು, ಹಾಕಿ!”