ಅದು ಬೆರಣಿ ಅಲ್ಲ!

ಮೊದಲೇ ಹೇಳಿಬಿಡುತ್ತೇನೆ, ನಾನು ಸಾವಯವ ಕೃಷಿಯಲ್ಲಿ ವಿಧಿವತ್ತಾಗಿ ತರಬೇತಿ ಪಡೆದವನು. ಹೊಸನಗರದಲ್ಲಿ ಒಂದು ದಿನದ ಶಿಬಿರ. ಬೆಳಿಗ್ಗೆ ಹತ್ತಕ್ಕೆ ಸ್ವಾಗತ, ಒಂದು ಗಂಟೆಗೆ ಭರ್ಜರಿ ಊಟ, ನಾಲ್ಕಕ್ಕೆ ಪ್ರಮಾಣಪತ್ರ. ಊಟವಾದ ಮೇಲಿನ ಉಪನ್ಯಾಸದಲ್ಲಿ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ ಎಂಬ ಸಂಗತಿಯನ್ನು ಪ್ರಮಾಣಪತ್ರದಲ್ಲಿ ನಮೂದಿಸಿಲ್ಲ. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ, ಸಾಗರದ ನನ್ನ ಟೈಲರ್ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ನೇತುಹಾಕಿದೆ. ರವಿಕೆ ಅಳತೆ ಕೊಡಲು ಬಂದವರು ಅದನ್ನು ಓದಿ, "ಹಂಗಾದ್ರೆ ನಮ್ಮ ಬ್ಲೌಸು ಯಾವಾಗ ಸಿಗ್ತದೆ ನಾಗಣ್ಣ?" ಎಂದು ಆತಂಕದಿಂದ ಕೇಳುತ್ತಿದ್ದರು.

ಮೂವತ್ತು ವರ್ಷ ಬಟ್ಟೆ ಹೊಲಿದವನಿಗೆ ಮಣ್ಣಿನ ಹುಚ್ಚು ಯಾಕೆ ಹಿಡಿಯಿತು? ಎಲ್ಲದಕ್ಕೂ ಕಾರಣ ಒಂದು ಮೊಗೆಕಾಯಿ.

ನನ್ನ ಹೆಂಡತಿ ಸುಮಿತ್ರಾಳ ತವರು ನಿಟ್ಟೂರು. ಅವಳ ಅಮ್ಮ ಪ್ರತಿ ಮಳೆಗಾಲ ಹಿತ್ತಲಲ್ಲಿ ಮೊಗೆಕಾಯಿ ಬೆಳೆಯುತ್ತಿದ್ದರು. ಹುಳಿಗೆ ಹಾಕುವ ದಪ್ಪ ಸೌತೆ. ಹಸಿರು ಮೈಮೇಲೆ ಬೆಳ್ಳನೆಯ ಗೀರು. ಹೆಚ್ಚಿದರೆ ಮನೆಯೆಲ್ಲ ಪರಿಮಳ. ನಿಟ್ಟೂರು ಕಡೆಯಿಂದ ಬರುವ ಬಸ್ಸಿನಲ್ಲಿ ಡ್ರೈವರ್ ಕೈಗೆ ಚೀಲ ಕೊಟ್ಟು ಕಳಿಸುತ್ತಿದ್ದರು. ಹಿಂದೆಯೇ ಫೋನು ಬರುತ್ತಿತ್ತು. "ದೊಡ್ಡದು ಅಳಿಯಂದ್ರಿಗೆ. ಹುಳಿಗೆ ಬೆಲ್ಲ ಜಾಸ್ತಿ ಹಾಕ್ಬೇಡ ಅಂತ ಅವ್ಳಿಗೆ ಹೇಳಿ." ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಬಸ್ ನಿಲ್ದಾಣದ ಎದುರಿಗೇ ಇರುವ ನನ್ನ ಅಂಗಡಿಯಲ್ಲಿ ಇವತ್ತಿಗೂ ಆ ಬಸ್ಸು ಬಂದರೆ ಹೊಲಿಗೆ ನಿಲ್ಲಿಸಿ ತಲೆ ಎತ್ತುತ್ತೇನೆ. ಚೀಲವಿಲ್ಲ ಎಂಬುದು ಕಾಲಿಗೆ ಗೊತ್ತಿರುವುದಿಲ್ಲ, ಎದ್ದೇಬಿಡುತ್ತದೆ.

ಸಂತೆಯಿಂದ ಮೊಗೆಕಾಯಿ ತಂದರೆ ಸುಮಿತ್ರಾ ಹುಳಿ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತಾನು ಮಾತ್ರ ಮಜ್ಜಿಗೆ ಹಾಕಿಕೊಂಡು ಏಳುತ್ತಿದ್ದಳು. ಒಂದು ದಿನ ಕೇಳಿದೆ.

"ನೀ ಯಾಕೆ ಹಾಕ್ಕಳಲ್ಲ?"

"ಬರೀ ನೀರು ಕಣ್ರೀ ಇದು. ಅಮ್ಮನ ಮೊಗೆಕಾಯಿ ಒಂದ್ಸಲ ತಿನ್ಬೇಕು ಅನ್ಸ್ತದೆ. ಒಂದೇ ಒಂದ್ಸಲ."

"ಬೀಜ ಇದ್ಯಲ್ಲ, ಹಾಕಣ."

"ಇದೆ. ಅಮ್ಮ ಕೊಟ್ಟಿದ್ದು ಅಷ್ಟೇ ಉಳ್ದಿರೋದು. ನಿಟ್ಟೂರಲ್ಲಿ ಈಗ ಯಾರೂ ಹಾಕದಿಲ್ಲ. ಮಣ್ಣು ಸರಿ ಮಾಡಿ, ಈ ಮಳೆಗೆ ಹಾಕಣ."

ಸಾಕಲ್ಲ! ಮಣ್ಣು ಸರಿ ಮಾಡುವ ಹೊಣೆಯನ್ನು ನಾನು ಹೊತ್ತೆ. ಬೀಜ ಎಲ್ಲಿದೆ ಎಂದು ಕೇಳಲಿಲ್ಲ. ಅಡುಗೆಮನೆಯ ಯಾವುದೋ ಡಬ್ಬಿಯಲ್ಲಿರಬೇಕು ಎಂದುಕೊಂಡೆ. ಬುದ್ಧಿವಂತರು ಸಣ್ಣ ವಿಷಯ ಕೇಳುವುದಿಲ್ಲ!

ನಮ್ಮ ಮನೆಯ ಹಿಂದೆ ಇರುವುದು ಒಂದು ಲಂಗದ ಬಟ್ಟೆಯಷ್ಟು ಜಾಗ. ಅದನ್ನು ಟೇಪು ಹಿಡಿದು ಅಳೆದೆ, ಬಟ್ಟೆಗೆ ಗುರುತು ಮಾಡುವ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಣ್ಣಿಗೆ ತರಗೆಲೆಯ ಹೊದಿಕೆ ಹಾಕಿದೆ. ಶಿಬಿರದ ಪುಸ್ತಕದಲ್ಲಿ ಮುಂದಿನ ಹಂತ ಜೀವಾಮೃತ. ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು, ಇಷ್ಟನ್ನು ಡ್ರಮ್ಮಿನ ನೀರಿಗೆ ಹಾಕಿ ದಿನಕ್ಕೆರಡು ಸಲ ತಿರುಗಿಸಬೇಕು. ಕೋಟ್ಯಂತರ ಸೂಕ್ಷ್ಮಜೀವಿಗಳು ಹುಟ್ಟಿ ಮಣ್ಣಿಗೆ ಜೀವ ತುಂಬುತ್ತವೆ. ನಾಟಿ ಹಸುವಿನದ್ದೇ ಆಗಬೇಕು ಎಂದು ಅಡಿಗೆರೆ ಬೇರೆ ಎಳೆದಿದ್ದರು.

ಗಂಜಲಕ್ಕಾಗಿ ಹಾಲಿನ ಮಂಜಮ್ಮನ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಐದೂವರೆಯಿಂದ ಬಕೆಟ್ ಹಿಡಿದು ಕೂತೆ. ಹಸು ನನ್ನನ್ನು ನೋಡಿತು. ನಾನು ಹಸುವನ್ನು ನೋಡಿದೆ. ಒಂದು ಗಂಟೆ ಕಳೆಯಿತು.

"ನೀವು ಹಿಂಗೆ ದಿಟ್ಟಿಸಿ ಕೂತ್ರೆ ಅದು ಹೆಂಗೆ ಉಚ್ಚೆ ಹೊಯ್ತದೆ ಮಾರಾಯ್ರೆ? ಅದೂ ಹೆಣ್ಣಲ್ದಾ?" ಎಂದರು ಮಂಜಮ್ಮ.

ಮುಖ ಆ ಕಡೆ ತಿರುಗಿಸಿದೆ. ಆ ಕ್ಷಣವೇ ಹಸು ಕೃಪೆ ಮಾಡಿತು, ಬಕೆಟ್ ಬಿಟ್ಟು ನನ್ನ ಪ್ಯಾಂಟಿನ ಮೇಲೆ! ಎರಡನೇ ದಿನ ಬಕೆಟ್ಟಿಗೂ ಸ್ವಲ್ಪ ಸಿಕ್ಕಿತು.

ಸಗಣಿ ತೂಗಿದಾಗ ಪುಸ್ತಕದ ಲೆಕ್ಕಕ್ಕೆ ಒಂದು ಮುಷ್ಟಿ ಕಡಿಮೆ. ಟೈಲರ್ ಬುದ್ಧಿ ನೋಡಿ, ಅಳತೆ ಒಂದು ಚೂರು ಹೆಚ್ಚುಕಮ್ಮಿಯಾದರೂ ನನಗೆ ನಿದ್ದೆ ಹತ್ತುವುದಿಲ್ಲ. ಸುಮಿತ್ರಾ ಯಾರದ್ದೋ ಮಗುವಿನ ನಾಮಕರಣಕ್ಕೆಂದು ನಾಲ್ಕು ದಿನ ತೀರ್ಥಹಳ್ಳಿಗೆ ಹೋಗಿದ್ದಳು. ಏನು ಮಾಡುವುದೆಂದು ಸುತ್ತ ನೋಡಿದೆ. ಬಚ್ಚಲಮನೆಯ ಹೊರಗೋಡೆಯಲ್ಲಿ, ಸೂರಿನ ಕೆಳಗೆ, ಒಣಗಿದ ಒಂದು ಬೆರಣಿ ಅಂಟಿಕೊಂಡಿತ್ತು!

ಆ ಬೆರಣಿ ಅಲ್ಲಿ ಎರಡು ವರ್ಷದಿಂದ ಇತ್ತು. ಸುಮಿತ್ರಾ ಸಂಜೆ ಕಾಲು ತೊಳೆಯಲು ಹೋದಾಗಲೆಲ್ಲ ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೆ. ಗೋಡೆಗೆ ತೇವ ಏರಿದೆಯೋ ಎಂದು ಪರೀಕ್ಷಿಸುತ್ತಾಳೆ, ಎಷ್ಟು ಜವಾಬ್ದಾರಿಯ ಹೆಂಗಸು ಎಂದು ಮೆಚ್ಚಿಕೊಂಡಿದ್ದೆ ಕೂಡ. ಕಿತ್ತೆ. ಪುಡಿ ಮಾಡಿದೆ. ಒಳಗೆ ಹೊಟ್ಟಿನಂಥದ್ದೇನೋ ಕಂಡಿತು, ಹಸು ತಿಂದ ಹುಲ್ಲು ಎಂದುಕೊಂಡೆ. ಡ್ರಮ್ಮಿಗೆ ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ತಿರುಗಿಸಿದೆ.

ಮೂರನೇ ದಿನ ಸೂಕ್ಷ್ಮಜೀವಿಗಳು ತಮ್ಮ ಇರುವಿಕೆಯನ್ನು ಇಡೀ ಬೀದಿಗೆ ಪ್ರಕಟಿಸಿದವು. ಪಕ್ಕದ ಮನೆಯ ಶಾರದಕ್ಕ ಮೂಗಿಗೆ ಸೆರಗು ಹಿಡಿದು ಬೇಲಿಯ ಹತ್ತಿರ ಬಂದರು.

"ನಾಗಣ್ಣ, ನಿಮ್ಮಲ್ಲಿ ಹೆಗ್ಗಣ ಗಿಗ್ಗಣ ಸತ್ತಿದ್ಯಾ?"

"ಇದು ಜೀವಾಮೃತ ಶಾರದಕ್ಕ! ಮಣ್ಣಿಗೆ ಜೀವ ಕೊಡ್ತದೆ."

"ನಮ್ಮ ಜೀವ ಹೋಗ್ತಾ ಇದ್ಯಲ್ಲ ಮಾರಾಯ್ರೆ!"

ನೆರೆಹೊರೆಯ ಸೌಹಾರ್ದದ ದೃಷ್ಟಿಯಿಂದ ಪ್ರಯೋಗವನ್ನು ಮೊಟಕುಗೊಳಿಸಿದೆ. ಹಳೆಯ ಲೈನಿಂಗ್ ಬಟ್ಟೆಯಲ್ಲಿ ಸೋಸಿ, ನೀರನ್ನು ನನ್ನ ಪಾತಿಗೆ ಹೊಯ್ದು, ಬಟ್ಟೆಯಲ್ಲಿ ಉಳಿದ ಗಷ್ಟನ್ನು ಶಾರದಕ್ಕನ ಬೇಲಿಯ ಆಚೆ, ಗಟಾರದ ಅಂಚಿನಲ್ಲಿ ಒಗೆದು ಬಂದೆ. ಅದೇ ಸಂಜೆ ಮೊದಲ ಮಳೆ ಜೋರಾಗಿ ಹೊಯ್ಯಿತು.

ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಿಂದ ಬಂದಿಳಿದ ಸುಮಿತ್ರಾ ಸೆರಗು ಸಿಕ್ಕಿಸಿಕೊಂಡು ಖುಷಿಯಲ್ಲಿ ಹಿತ್ತಲಿಗೆ ಬಂದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಎರಡು ವರ್ಷವಾಗಿತ್ತು. "ಮಣ್ಣು ಹದವಾಗಿದೆ. ಬೀಜ ಹಾಕಣ, ತಗಂಡು ಬರ್ತೀನಿ" ಎಂದು ಬಚ್ಚಲಿನ ಕಡೆ ಹೋದಳು. ಬೀಜ ತರಲು ಬಚ್ಚಲಿಗೆ ಯಾಕೆ ಹೋಗುತ್ತಾಳೆ ಎಂದು ನಾನು ನಗುತ್ತ ನಿಂತೆ.

"ರೀ, ಇಲ್ಲಿದ್ದಿದ್ದು ಎಲ್ಲಿ?"

"ಯಾವುದು, ಬೆರಣಿಯಾ? ಜೀವಾಮೃತಕ್ಕೆ ಹಾಕ್ದೆ. ಒಂದು ಮುಷ್ಟಿ ಕಮ್ಮಿ ಬಿದ್ದಿತ್ತು."

ಅವಳು ಗೋಡೆಯ ಮೇಲೆ ಉಳಿದಿದ್ದ ದುಂಡನೆಯ ಕಲೆಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅದು ಬೆರಣಿ ಅಲ್ಲ ಕಣ್ರೀ. ಅದರೊಳಗೇ ಬೀಜ ಇದ್ದಿದ್ದು. ಹುಳ ಹಿಡೀಬಾರ್ದು ಅಂತ ಬೂದಿ ಸಗಣೀಲಿ ಕಲಸಿ ಗೋಡೆಗೆ ತಟ್ತಾರೆ. ಸೌದೆ ಸಿಗೋ ಊರಲ್ಲಿ ಯಾರಾದ್ರೂ ಬೆರಣಿ ತಟ್ತಾರಾ? ಅಷ್ಟೂ ಯೋಚನೆ ಬರ್ಲಿಲ್ವಾ ನಿಮ್ಗೆ?"

ನಿಜ! ನಾನು ಹುಟ್ಟಿದ್ದು ಹೊಸನಗರದಲ್ಲಿ, ಬೆಳೆದದ್ದು ಸಾಗರದಲ್ಲಿ. ಜನ್ಮದಲ್ಲಿ ಒಂದು ಮನೆಯಲ್ಲೂ ಬೆರಣಿ ಸುಟ್ಟಿದ್ದು ನೋಡಿಲ್ಲ. ಬೀಜವನ್ನು ಸಗಣಿಯಲ್ಲಿ ಇಡುವುದನ್ನು ನನ್ನ ಅಜ್ಜಿಯೂ ಮಾಡುತ್ತಿದ್ದಳು. ಪ್ರಮಾಣಪತ್ರ ಬಂದ ಮೇಲೆ ಅದೆಲ್ಲ ಮರೆತುಹೋಗಿತ್ತು. ಶಿಬಿರದ ನೋಟ್ ಪುಸ್ತಕ ತೆಗೆದು ನೋಡಿದೆ. ಊಟದ ನಂತರದ ಉಪನ್ಯಾಸದ ಹೆಸರು 'ಸಾಂಪ್ರದಾಯಿಕ ಬೀಜ ಸಂರಕ್ಷಣೆ'. ಅದರ ಕೆಳಗೆ ನನ್ನ ಅಕ್ಷರದಲ್ಲಿ 'ಬೀ' ಎಂದಿತ್ತು. ಅಲ್ಲಿಂದ ಪೆನ್ನಿನ ಗೆರೆ ಪುಟದ ಕೆಳಗಿನವರೆಗೆ ಜಾರಿತ್ತು.

"ಬೀಜ ಹೋದ್ರೆ ಹೋಗ್ಲಿ," ಎಂದಳು ಸುಮಿತ್ರಾ. "ಕಡೇ ಸಲ ಇಲ್ಲಿಗೆ ಬಂದಾಗ ಅಮ್ಮನೇ ತಟ್ಟಿದ್ದು ಅದು. ಅವ್ಳ ಐದು ಬೆರಳೂ ಮೂಡಿತ್ತು. ದಿನಾ ಅದ್ರಲ್ಲಿ ನನ್ನ ಬೆರಳು ಇಟ್ಕಂತಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಬೈಗುಳ ತಿಂದು ಅರಗಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಅವಳು ಒಳಗೆ ಹೋಗಿ ಕಾಫಿ ಮಾಡಿ, ನನಗೂ ಒಂದು ಲೋಟ ತಂದಿಟ್ಟಳು. ಕಾಫಿ ಅಲ್ಲೇ ಬಿಟ್ಟು ಜರಡಿ ಹುಡುಕಲು ಎದ್ದೆ.

ಪಾತಿಯ ಮಣ್ಣನ್ನು ಜರಡಿ ಹಿಡಿದೆ. ಡ್ರಮ್ಮಿನೊಳಗೆ ತಲೆ ಹಾಕಿ ಹುಡುಕಿದೆ. ಗಟಾರದ ಅಂಚಿಗೆ ಓಡಿದರೆ ಗಷ್ಟೆಲ್ಲ ಮಳೆನೀರಿಗೆ ಕೊಚ್ಚಿಹೋಗಿತ್ತು. ನಿಟ್ಟೂರಿಗೆ ಬಸ್ಸು ಹತ್ತಿದೆ. ಸುಮಿತ್ರಾಳ ಅಣ್ಣ ಗಣಪತಿ ಅಟ್ಟವೆಲ್ಲ ಹುಡುಕಿ ಕೈ ಕೊಡವಿದ.

"ಅಮ್ಮ ಹೋದ್ಮೇಲೆ ಪ್ಯಾಕೆಟ್ ಬೀಜನೇ ಭಾವ. ಆ ಮೊಗೆಕಾಯಿ ನೆನೆಸ್ಕಂಡ್ರೆ ನಂಗೂ ಬಾಯಲ್ಲಿ ನೀರು ಬರ್ತದೆ. ಸುಮಿ ಹತ್ರ ಇದ್ಯಂತಲ್ಲ, ಬೆಳ್ದ ಮೇಲೆ ನಂಗೂ ನಾಕು ಬೀಜ ಕೊಡಿ."

ಹೂಂ ಎಂದು ಬಂದೆ. ತೀರ್ಥಹಳ್ಳಿಯ ಸಂತೆಯವರೆಗೂ ಹೋಗಿ, ಗೀರಿರುವ ಮೊಗೆಕಾಯಿ ಕಂಡರೆ ಕೊಳ್ಳುತ್ತಿದ್ದೆ. ಸುಮಿತ್ರಾ ಹೆಚ್ಚಿ, ಮೂಸಿ, "ಇದಲ್ಲ" ಎನ್ನುತ್ತಿದ್ದಳು. ಕೊನೆಗೆ ಮೂಸುವುದನ್ನೂ ಬಿಟ್ಟಳು. ಸಂಜೆ ಕಾಲು ತೊಳೆಯಲು ಹೋದಾಗ ಅವಳ ಕೈ ಅಭ್ಯಾಸಬಲದಿಂದ ಗೋಡೆಯ ಕಡೆ ಹೋಗಿ, ಅರ್ಧದಲ್ಲೇ ವಾಪಸು ಬರುತ್ತಿತ್ತು. ಬಸ್ಸು ಬಂದಾಗ ಏಳುವ ನನ್ನ ಕಾಲಿನ ನೆನಪಾಗುತ್ತಿತ್ತು. ಇನ್ನು ನನ್ನ ವೈಜ್ಞಾನಿಕ ಪಾತಿಯ ಫಲಿತಾಂಶವನ್ನೂ ಹೇಳಿಬಿಡುತ್ತೇನೆ. ತರಗೆಲೆಯ ಹೊದಿಕೆಯ ಕೆಳಗೆ ಇಡೀ ಬಡಾವಣೆಯ ಬಸವನಹುಳುಗಳು ಬಂದು ಬಿಡಾರ ಹೂಡಿದವು. ನಾನು ಹಾಕಿದ ಬೀನ್ಸು, ಬೆಂಡೆ, ಹೀರೆ ಎಲ್ಲ ಎರಡೆಲೆ ಬಿಟ್ಟು ಮಾಯವಾದವು. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ಇಸ್ತ್ರಿಪೆಟ್ಟಿಗೆಯ ಕೆಳಗೆ ಇಟ್ಟುಕೊಂಡೆ. ಲ್ಯಾಮಿನೇಷನ್ ಕರಗಿ ಪೆಟ್ಟಿಗೆಗೆ ಅಂಟಿತು, ಅಲ್ಲಿಂದ ಯಾರದ್ದೋ ಬಿಳಿ ಅಂಗಿಗೂ ಅಂಟಿತು!

ಮಳೆ ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ಶಾರದಕ್ಕ ಮುಚ್ಚಿದ ಬಟ್ಟಲು ಹಿಡಿದು ಬಂದರು.

"ಸುಮಿತ್ರಾ, ಸ್ವಲ್ಪ ಹುಳಿ ತಂದೀನಿ. ಗಟಾರದ ಹತ್ರ ತಾನಾಗೇ ಒಂದು ಬಳ್ಳಿ ಎದ್ದಿತ್ತು ಕಣೇ. ಕಳೆ ಗಿಡದ ಮಧ್ಯೆ ಕಾಯಿ ಬಿಟ್ಟಿದ್ದು ಇಷ್ಟು ದಿನ ಕಾಣ್ಲೇ ಇಲ್ಲ."

ಸುಮಿತ್ರಾ ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತಳು. ಆ ಪರಿಮಳ ನನ್ನ ಮೂಗಿಗೂ ಬಂತು. ಅಡುಗೆಮನೆಯಲ್ಲಿ ನಿಂತೇ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣಿಂದ ನೀರು ಇಳಿಯತೊಡಗಿತು.

"ಅಯ್ಯೋ, ಖಾರ ಆಯ್ತನೇ?" ಎಂದರು ಶಾರದಕ್ಕ ಗಾಬರಿಯಾಗಿ.

"ಇಲ್ಲ ಶಾರದಕ್ಕ. ಅಮ್ಮಂದೇ ಇದು. ಅಮ್ಮಂದೇ."

ನಾನು ಮಾತ್ರ ಕೇಳಬೇಕಾದ್ದನ್ನು ಕೇಳಿದೆ. "ಬೀಜ ಎಂತ ಮಾಡಿದ್ರಿ?"

"ತಿರುಳಿನ ಸಮೇತ ಕೋಳಿಗೆ ಹಾಕ್ದೆ."

ತಕ್ಷಣ ಕಿಟಕಿಯಾಚೆ ನೋಡಿದೆ. ಅವರ ಹುಂಜ ಬೇಲಿಯ ಮೇಲೆ ಕೂತು ತೃಪ್ತಿಯಿಂದ ರೆಕ್ಕೆ ಬಡಿಯುತ್ತಿತ್ತು. ಆ ಕ್ಷಣದಲ್ಲಿ ಆ ಹುಂಜದ ಬಗ್ಗೆ ನನಗೆ ಬಂದ ಆಲೋಚನೆ ಸಾವಯವವಾಗಿತ್ತೇ ಹೊರತು ಅಹಿಂಸಾತ್ಮಕವಾಗಿರಲಿಲ್ಲ.

"ಬಳ್ಳೀಲಿ ಇನ್ನೊಂದು ಇದೆ ಮಾರಾಯ್ರೆ. ಹಣ್ಣಾಗ್ಲಿ ಅಂತ ಬಿಟ್ಟೀನಿ" ಎಂದರು ಶಾರದಕ್ಕ.

ಚಪ್ಪಲಿ ಹಾಕಿಕೊಳ್ಳದೆ ಓಡಿದೆವು. ಗಟಾರದ ಅಂಚಿನಲ್ಲಿ, ನಾನು ಒಗೆದ ಕಸದಿಂದ ಎದ್ದ ಒಂದೇ ಒಂದು ಬಳ್ಳಿ. ಅಳತೆಯಿಲ್ಲ, ಗೆರೆಯಿಲ್ಲ, ತರಗೆಲೆಯ ಹೊದಿಕೆಯಿಲ್ಲ. ಎಲೆಯ ಕೆಳಗೆ ಬೆಳ್ಳನೆ ಗೀರಿನ ಒಂದು ಕಾಯಿ ಹಳದಿಗೆ ತಿರುಗುತ್ತಿತ್ತು. ಹದಿನೈದು ದಿನ ಅದನ್ನು ನಾನು ಕಾದ ರೀತಿಯಲ್ಲಿ ಯಾವ ಬ್ಯಾಂಕಿನ ಕಾವಲುಗಾರನೂ ಕಾದಿರಲಾರ. ಹುಂಜ ಆ ಕಡೆ ಮುಖ ಮಾಡಿದರೂ ಇಂಚುಪಟ್ಟಿ ಹಿಡಿದು ಓಡುತ್ತಿದ್ದೆ.

ಹಣ್ಣಾದ ದಿನ ಸುಮಿತ್ರಾ ಬೀಜ ತೆಗೆದು ತೊಳೆದು ಒಣಗಿಸಿದಳು. ಗಣಪತಿಗೆಂದು ಸ್ವಲ್ಪ ಪೊಟ್ಟಣ ಕಟ್ಟಿದಳು. ಉಳಿದದ್ದನ್ನು ಸಗಣಿ, ಬೂದಿಯಲ್ಲಿ ಕಲಸಿ, ಬಚ್ಚಲಗೋಡೆಯ ಅದೇ ಕಲೆಯ ಮೇಲೆ ಉಂಡೆ ಅಂಟಿಸಿದಳು. ಅವಳೇ ತಟ್ಟುತ್ತಾಳೆ ಎಂದು ನಾನು ಭಕ್ತಿಯಿಂದ ಕೈಕಟ್ಟಿ ನಿಂತಿದ್ದೆ.

"ಬನ್ನಿ ಇಲ್ಲಿ. ನೀವು ತಟ್ಟಿ."

"ನಾನಾ? ನಿನ್ನ ಕೈ ಇರ್ಲಿ ಕಣೇ, ನಿನ್ನ ಅಮ್ಮನ ಬೀಜ ಅಲ್ದಾ?"

"ನನ್ನ ಅಮ್ಮನ ಕೈ ನಿಮಗೆ ಗೊತ್ತಾಗ್ಲಿಲ್ಲ. ನನ್ನ ಕೈನೂ ಗೊತ್ತಾಗದಿಲ್ಲ. ನಿಮ್ಮದೇ ಕೈಯಾದ್ರೂ ಮುಂದಿನ ಮಳೆಗಾಲದವರೆಗೆ ಗುರ್ತು ಸಿಗ್ತದೇನೋ ನೋಡಣ."

ತಟ್ಟಿದೆ. ನನ್ನ ಐದು ಬೆರಳೂ ಮೂಡಿದವು. ಸೂಜಿ ಚುಚ್ಚಿ ಚುಚ್ಚಿ ಸೊಟ್ಟಗಾದ ತೋರುಬೆರಳಂತೂ ಸೊಟ್ಟಗೇ ಮೂಡಿತು. ಅತ್ತೆಯ ಬೆರಳು ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಎರಡು ವರ್ಷ ಕಣ್ಣೆದುರಿಗೇ ಇದ್ದದ್ದು, ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ನಿಟ್ಟೂರಿನ ಬಸ್ಸು ಮಾತ್ರ ದಿನವೂ ಬರುತ್ತಿತ್ತು, ಹೋಗುತ್ತಿತ್ತು. ಅತ್ತೆ ಇದ್ದಿದ್ದರೆ ಈ ಕಥೆ ಕೇಳಿ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದರು, ದೊಡ್ಡ ಕಾಯಿಯನ್ನು ಆಗಲೂ ನನಗೇ ಕಳಿಸುತ್ತಿದ್ದರು. ಅದನ್ನೇ ನೆನೆಯುತ್ತ, ಮೂಡಿದ ಬೆರಳಿನ ಗುರುತಿನಲ್ಲೇ ಮತ್ತೊಮ್ಮೆ ಬೆರಳಿಟ್ಟು ನಿಂತೆ.

ಒಳಗಿನಿಂದ ಸುಮಿತ್ರಾ ಕೂಗಿದಳು. "ಇನ್ನೂ ಒಣಗಿಲ್ಲ, ಕೈ ತೆಗೀರಿ! ಎರಡನೇ ಸಲ ಕಿತ್ತು ಬಂದೀತು!"

ಕೈ ತೆಗೆದೆ. ಅರ್ಧ ಕಿತ್ತುಬಂತು.